ಸಸಿಯ ಜೊತೆಗೇ ಬರುವ ಕೊಳೆ: ಸ್ಟ್ರಾಬೆರಿ ಕ್ರೌನ್ ರೋಗದ ಹತೋಟಿ

(ಪುಣೆಯಲ್ಲಿ ನೆಲೆಸಿ ವಾಯಿ, ಪಾಂಚಗಣಿ, ಭೋರ್ ಕಡೆ ಸಣ್ಣಪುಟ್ಟ ತೋಟ ಮಾಡಿಕೊಂಡಿರುವ ಕನ್ನಡಿಗರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ಸ್ಟ್ರಾಬೆರಿ ಗಿಡಗಳಿವೆ. ಮೂರೂ ಬಾಡಿವೆ. ದೂರದಿಂದ ನೋಡಿದವರು ನೀರು ಸಾಲದಾಗಿದೆ ಅನ್ನುತ್ತಾರೆ. ತೋಟದಲ್ಲೂ ಹಾಗೇ ಅಂದುಕೊಂಡು ಡ್ರಿಪ್ ಇನ್ನೊಂದು ತಾಸು ಬಿಡುತ್ತಾರೆ, ಗಿಡ ಇನ್ನೂ ಬೇಗ ಹೋಗುತ್ತದೆ. ಬಾಡಿದ ಸ್ಟ್ರಾಬೆರಿಗೆ ನೀರು ಬಿಡುವ ಮುಂಚೆ ಒಂದು ಗಿಡ ಕಿತ್ತು ಚಾಕು ಹಾಕಿ. ಎಲೆ ನೋಡಿ ರೋಗ ಹೇಳುವುದು ಇಲ್ಲಿ ನಡೆಯುವುದಿಲ್ಲ.

ಕ್ರೌನ್ ಅಂದರೆ ಬೇರಲ್ಲ, ಗಡ್ಡೆಯೂ ಅಲ್ಲ. ಒಂದೆರಡು ಅಂಗುಲಕ್ಕೆ ಕುಗ್ಗಿಹೋದ ಕಾಂಡ ಅದು. ಎಲೆ, ಹೂಗೊಂಚಲು, ರನ್ನರ್ (ನೆಲದ ಮೇಲೆ ಹರಿದು ಹೊಸ ಸಸಿ ಬಿಡುವ ಬಳ್ಳಿ) ಎಲ್ಲ ಹೊರಡುವುದು ಅಲ್ಲಿಂದ, ಹೊಸ ಬೇರು ಇಳಿಯುವುದೂ ಅಲ್ಲಿಂದಲೇ. ಹಾಗಾಗಿ ಎಲೆಗೆ ರೋಗ ಬಂದರೆ ಇನ್ನೊಂದು ಎಲೆ ಬರುತ್ತದೆ. ಕ್ರೌನ್ ಕೊಳೆತರೆ ಆ ಜಾಗದಲ್ಲಿ ಬೇರೆ ಗಿಡವೇ ಬೇಕು.

ಈಗ ಸೀಳೋಣ. ಬೇರು ತೊಳೆದು, ಎಲೆ ಕತ್ತರಿಸಿ, ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಎರಡು ಹೋಳು. ಆರೋಗ್ಯವಂತ ಕ್ರೌನ್ ಒಳಗೆ ಬೆಳ್ಳಗೆ, ಕೆನೆ ಬಣ್ಣದಲ್ಲಿ ಇರುತ್ತದೆ.

ಮೊದಲನೆಯ ಗಿಡದಲ್ಲಿ ಕೆಂಪುಮಿಶ್ರಿತ ಕಂದು ಗೆರೆಗಳು, ನಡುವೆ ಬಿಳಿ ಉಳಿದು ಅಮೃತಶಿಲೆಯ ಹಾಗೆ ಕಾಣುತ್ತಿದೆ. ಭಾಗ ಗಟ್ಟಿಯಾಗೇ ಇದೆ, ಮೆತ್ತಗಾಗಿಲ್ಲ. ಬಣ್ಣ ಒಂದು ಬದಿಯಿಂದ, ಎಲೆತೊಟ್ಟು ಸೇರುವ ಜಾಗದಿಂದ ಒಳಗೆ ಬಂದಿದೆ. ಇದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಮೆಣಸಿನಕಾಯಿ, ಮಾವಿನಲ್ಲಿ ನಾವು ಚಿಬ್ಬುರೋಗ ಅನ್ನುತ್ತೇವಲ್ಲ, ಅದೇ ಬಳಗದ್ದು. ಸ್ಟ್ರಾಬೆರಿಯಲ್ಲಿ ಇದನ್ನು ಮೊದಲು ವಿವರಿಸಿದ್ದು ಫ್ಲಾರಿಡಾದಲ್ಲಿ, 1931ರಲ್ಲಿ. ಗಿಡದ ಎಳೆಯ ಎಲೆಗಳು ಮಧ್ಯಾಹ್ನ ಬಾಡಿ ಸಂಜೆಗೆ ಮತ್ತೆ ಎದ್ದು ನಿಲ್ಲುತ್ತವೆ. ಕೆಲವು ದಿನ ಈ ಆಟ ನಡೆದು ಒಂದು ದಿನ ಏಳುವುದಿಲ್ಲ.

ಎರಡನೆಯದನ್ನು ಹಿಡಿದು ಎಳೆದಾಗ ಬುಡದ ಮೇಲ್ಭಾಗದಲ್ಲೇ ಮುರಿದು ಕೈಗೆ ಬಂತು. ಒಳಗೆ ಒಂದೇ ಸಮನಾದ ಕಂದು, ಗೆರೆಯಿಲ್ಲ. ಎಳೆಯ ಎಲೆಗಳಿಗೆ ನೀಲಿ ಛಾಯೆಯ ಹಸಿರು. ಇದು ಫೈಟೋಫ್ತೊರಾ ಕ್ಯಾಕ್ಟೋರಮ್. ಮಲೆನಾಡಿನವರಿಗೆ ಈ ಹೆಸರಿನ ಪರಿಚಯ ಬೇಡ: ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಎರಡೂ ಇದರ ದಾಯಾದಿಗಳ ಕೆಲಸ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದ್ದು ನೂರು ವರ್ಷಕ್ಕೂ ಹಿಂದಿನ ಮಾತು. ಆ ನೆನಪಿನಲ್ಲಿ ಸ್ಟ್ರಾಬೆರಿಗೂ ಶೇ. 1ರ ಬೋರ್ಡೋ ಹೊಡೆಯಲು ಹೋಗಬೇಡಿ. ಎಳೆ ಎಲೆ ತಾಮ್ರಕ್ಕೆ ಸುಡುತ್ತದೆ, ಮದ್ದು ಕ್ರೌನಿನ ಒಳಗೂ ಹೋಗುವುದಿಲ್ಲ. ಇನ್ನೊಂದು ವಿಷಯ: ಫೈಟೋಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಶಿಲೀಂಧ್ರವಲ್ಲ. ಇದು ಪುಸ್ತಕದ ಸೂಕ್ಷ್ಮ ಅನ್ನಿಸಬಹುದು. ಆದರೆ ಅಂಗಡಿಯಲ್ಲಿ ನಾವು ಕೊಡುವ ದುಡ್ಡಿನಲ್ಲಿ ಅರ್ಧ ವ್ಯರ್ಥವಾಗುವುದು ಇದೇ ಕಾರಣಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದರಲ್ಲಿ ಹೊರಸುತ್ತಿನ ಹಳೆಯ ಎಲೆಗಳು ಒಣಗಿವೆ, ನಡುವಿನ ಎಳೆಯವು ಇನ್ನೂ ಹಸಿರು. ಒಳಗೆ ಗಾಢ ಕಂದು, ಅಂಚಿನಲ್ಲಿ ಕಿತ್ತಳೆ. ಮ್ಯಾಕ್ರೋಫೋಮಿನಾ ಇರಬಹುದು, ಫ್ಯುಸೇರಿಯಂ ಇರಬಹುದು, ಎರಡೂ ಶಿಲೀಂಧ್ರಗಳೇ. ಇವೆರಡನ್ನು ಬರಿಗಣ್ಣಿನಲ್ಲಿ ಬೇರೆ ಮಾಡಲು ಬರುವುದಿಲ್ಲ, ಪ್ರಯೋಗಾಲಯವೇ ಬೇಕು. ಸೆಕೆ, ನೀರಿನ ಕೊರತೆ, ಹಣ್ಣಿನ ಭಾರ ಮೂರೂ ಸೇರಿದಾಗ, ಅಂದರೆ ಫೆಬ್ರವರಿ ಮಾರ್ಚಿನಲ್ಲಿ ಮ್ಯಾಕ್ರೋಫೋಮಿನಾ ತಲೆ ಎತ್ತುತ್ತದೆ. ಅಮೆರಿಕದಲ್ಲಿ 2005ರಿಂದ ಮೀಥೈಲ್ ಬ್ರೋಮೈಡ್ ಧೂಮೀಕರಣ (ವಿಷಾನಿಲ ಬಿಟ್ಟು ಮಣ್ಣಿನ ರೋಗ ಕೊಲ್ಲುವುದು) ಹಂತಹಂತವಾಗಿ ನಿಂತ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ತಲೆನೋವಾದವು ಇವೇ. ಇವು ಹೆಚ್ಚಾಗಿ ಮಣ್ಣಿನ ರೋಗಗಳು. ಇವತ್ತು ಮುಖ್ಯವಾಗಿ ಮೊದಲ ಎರಡರ ಬಗ್ಗೆ ಮಾತಾಡುತ್ತೇನೆ. ನೆಟ್ಟು ಒಂದೆರಡು ತಿಂಗಳೊಳಗೆ ಗಿಡ ಸಾಯಿಸಿ ಸಾಲಿನಲ್ಲಿ ತೆರಪು ಬೀಳಿಸುವವು ಅವೇ, ಮತ್ತು ಅವು ಬಹುಮಟ್ಟಿಗೆ ಸಸಿಯ ಜೊತೆಗೇ ಬರುತ್ತವೆ.

ಹೇಗೆ ಬರುತ್ತವೆ? ನಮ್ಮ ಈ ಭಾಗದ ಕ್ರಮ ನೋಡಿ. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಹೆಸರು ಊರದ್ದು. ಆದರೆ ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಆಗುಂಬೆಯನ್ನು ನೆನೆಸಿಕೊಳ್ಳಿ. ಆ ಮಳೆಯಲ್ಲಿ ಸಸಿ ಮಾಡುವುದು ಕಷ್ಟ. ಹೊರಗಿನಿಂದ ತರಿಸಿದ ತಾಯಿ ಗಿಡಗಳನ್ನು ಮಳೆ ಕಡಿಮೆ ಇರುವ ವಾಯಿಯ ತಗ್ಗಿನ ಕಡೆ, ಅಥವಾ ಪಾಲಿಹೌಸಿನಲ್ಲಿ ಇಟ್ಟು, ಮಳೆಗಾಲದಲ್ಲಿ ರನ್ನರ್ ಬಿಡಿಸಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬೆಡ್ಡಿಗೆ ನೆಡುತ್ತಾರೆ. ಅಂದರೆ ಸಸಿಯ ಬಾಲ್ಯವೆಲ್ಲ ಜೂನ್‌ನಿಂದ ಆಗಸ್ಟ್. ಗಾಳಿಯಲ್ಲಿ ತೇವ, ಉಷ್ಣತೆ 25ರಿಂದ 30 ಡಿಗ್ರಿ, ಎಲೆ ಒಣಗುವುದೇ ಇಲ್ಲ. ಕೊಲೆಟೋಟ್ರೈಕಮ್‌ಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕೆ?

ಈ ಶಿಲೀಂಧ್ರದ ಬೀಜಕ (ಬೀಜದ ಹಾಗೆ ರೋಗ ಹರಡುವ ಸೂಕ್ಷ್ಮ ಕಣ) ಗಾಳಿಯಲ್ಲಿ ಹಾರುವುದಿಲ್ಲ. ಅಂಟಿನಂಥ ಲೋಳೆಯಲ್ಲಿ ಮುದ್ದೆಯಾಗಿರುತ್ತದೆ, ನೀರಿನ ಹನಿ ಬಿದ್ದಾಗ ಸಿಡಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಎಲೆಯ ಮೇಲೆ, ತೊಟ್ಟಿನ ಮೇಲೆ ಮೊಳೆತು ಚರ್ಮಕ್ಕೆ ಅಂಟಿ ಸುಮ್ಮನೆ ಕೂರುತ್ತದೆ. ಚುಕ್ಕೆಯಿಲ್ಲ, ಕಲೆಯಿಲ್ಲ. ನೀವು ನರ್ಸರಿಗೆ ಹೋಗಿ ಕಣ್ಣಿಟ್ಟು ನೋಡಿ ಆರಿಸಿ ತಂದರೂ ಸಿಗುವುದಿಲ್ಲ. ತೋಟಕ್ಕೆ ಬಂದಮೇಲೆ ನೀರಿನೊಂದಿಗೆ ಎಲೆಸಂದಿಗೆ ಇಳಿದು ಕ್ರೌನ್ ಹೊಕ್ಕು, ಗಿಡ ಹೂ ಬಿಡುವ ಹೊತ್ತಿಗೆ ಕೈ ತೋರಿಸುತ್ತದೆ. ಆಗ ರೈತ ಗೊಬ್ಬರದವನನ್ನು ಬೈಯುತ್ತಾನೆ, ಡ್ರಿಪ್ಪಿನವನನ್ನು ಬೈಯುತ್ತಾನೆ.

ಫೈಟೋಫ್ತೊರಾದ ದಾರಿ ಬೇರೆ. ಅದಕ್ಕೆ ನಿಂತ ನೀರು ಬೇಕು. ಅದರ ಚರಬೀಜಕಗಳು ಬಾಲ ಬಡಿಯುತ್ತ ನೀರಿನಲ್ಲಿ ಈಜುತ್ತವೆ. ನೆಲಕ್ಕೆ ಇಟ್ಟ ಟ್ರೇ, ಟ್ರೇ ಕೆಳಗೆ ನಿಂತ ನೀರು, ಹೊಂಡದಿಂದ ಸೋಸದೆ ಎತ್ತಿದ ನೀರು, ಇವಿಷ್ಟು ಸಾಕು. ಒಮ್ಮೆ ಮಣ್ಣಿಗೆ ಸೇರಿದರೆ ಅದರ ದಪ್ಪ ಗೋಡೆಯ ಬೀಜಕ ವರ್ಷಗಟ್ಟಲೆ ಉಳಿಯುತ್ತದೆ.

ಇನ್ನು ನರ್ಸರಿ. ನೀವೇ ಸಸಿ ಮಾಡಿಕೊಳ್ಳುವವರಾದರೆ ಟ್ರೇಗಳನ್ನು ನೆಲದಿಂದ ಕನಿಷ್ಠ ಮೊಣಕಾಲೆತ್ತರಕ್ಕೆ ಏರಿಸಿ. ಹಳೆಯ ಟ್ರೇಯ ಮಣ್ಣನ್ನು ಬ್ರಷ್ ಹಾಕಿ ತೊಳೆದು, ಆಮೇಲೆ ಬ್ಲೀಚ್ ದ್ರಾವಣದಲ್ಲಿ ಅದ್ದಿ, ಶೇ. 4–5ರ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲಿಗೆ ನೀರು ಒಂಬತ್ತು ಪಾಲು, 15ರಿಂದ 30 ನಿಮಿಷ. ಮಣ್ಣು ಅಂಟಿದ ಟ್ರೇಯನ್ನೇ ಅದ್ದಿದರೆ ಕ್ಲೋರಿನ್ನೆಲ್ಲ ಮಣ್ಣಿಗೇ ಖರ್ಚಾಗಿ ರೋಗ ಹಾಗೇ ಉಳಿಯುತ್ತದೆ. ತಾಯಿ ಗಿಡಗಳಿಗೆ ಮೇಲಿನಿಂದ ನೀರು ಬೇಡವೇ ಬೇಡ, ಡ್ರಿಪ್ ಮಾತ್ರ. ರನ್ನರ್ ಕತ್ತರಿಸುವ ಕತ್ತರಿಯನ್ನು ಪ್ರತಿ ತಾಯಿ ಗಿಡಕ್ಕೂ ಶೇ. 70ರ ಆಲ್ಕೋಹಾಲಿನಲ್ಲಿ ಒರೆಸಿ. ಎಲೆ ಒದ್ದೆಯಿದ್ದಾಗ ಒಳಗೆ ಕೆಲಸ ಮಾಡಬೇಡಿ, ಆಳಿನ ಕೈಯೇ ಆಗ ಮಳೆಹನಿಯ ಕೆಲಸ ಮಾಡುತ್ತದೆ.

ನರ್ಸರಿಯವರು ಹಸಿರು ಮಿರಮಿರ ಮಿಂಚಲಿ ಎಂದು ಯೂರಿಯಾ ಸುರಿಯುತ್ತಾರೆ. ಸಾರಜನಕ, ಅದರಲ್ಲೂ ಅಮೋನಿಯಾ ರೂಪದ್ದು ಹೆಚ್ಚಾದಷ್ಟೂ ಕೊಲೆಟೋಟ್ರೈಕಮ್ ಕ್ರೌನ್ ಕೊಳೆ ಜೋರಾಗುತ್ತದೆ; ಅದೇ ಸಾರಜನಕವನ್ನು ಕ್ಯಾಲ್ಸಿಯಂ ನೈಟ್ರೇಟ್ ರೂಪದಲ್ಲಿ ಕೊಟ್ಟಾಗ ರೋಗ ಕಡಿಮೆ. ಕೊಳ್ಳುವವರು ಕಪ್ಪುಹಸಿರಿನ ಮೆತ್ತನೆಯ ಸಸಿಯನ್ನೇ ಒಳ್ಳೆಯದು ಅಂದುಕೊಳ್ಳುವವರೆಗೂ ನರ್ಸರಿಯವರು ಅದನ್ನೇ ಮಾಡುತ್ತಾರೆ.

ಕಣ್ಣಿಗೆ ಕಾಣದ ಸೋಂಕನ್ನು ಕಾಣಿಸುವುದು ಹೇಗೆ? ಇದಕ್ಕೊಂದು ಸುಲಭದ ಪರೀಕ್ಷೆಯಿದೆ, ಜಪಾನಿನಲ್ಲಿ ರೂಪಿಸಿದ್ದು. ಸಸಿಗಳ ಅತಿ ಹಳೆಯ ಎಲೆಯನ್ನು ತೊಟ್ಟುಸಮೇತ ಕಿತ್ತು, ನೀರಿನಲ್ಲಿ ತೊಳೆದು, ಶೇ. 70ರ ಎಥನಾಲಿನಲ್ಲಿ 30 ಸೆಕೆಂಡು ಅದ್ದಿ, ಮತ್ತೆ ನೀರಿನಲ್ಲಿ ಜಾಲಿಸಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ, ಎಲೆ ಹರಡಿ, ಮುಚ್ಚಿ 28 ಡಿಗ್ರಿ ಆಸುಪಾಸಿನಲ್ಲಿ ಇಡಿ. ಆಲ್ಕೋಹಾಲ್ ಎಲೆಯನ್ನು ಕೊಲ್ಲುತ್ತದೆ, ಮೇಲಿನ ಅನ್ಯ ಬೂಷ್ಟನ್ನೂ ಬಹುಪಾಲು ಕೊಲ್ಲುತ್ತದೆ, ಆದರೆ ಚರ್ಮಕ್ಕೆ ಅಂಟಿ ಕೂತ ಕೊಲೆಟೋಟ್ರೈಕಮ್ ಉಳಿದು, ಎಲೆಯ ಪ್ರತಿರೋಧ ಇಲ್ಲದ್ದರಿಂದ ಎದ್ದು ಬೆಳೆಯುತ್ತದೆ. ಐದನೆಯ ದಿನದಿಂದ ಭೂತಗನ್ನಡಿಯಲ್ಲಿ ನೋಡಿ: ನಸುಗಿತ್ತಳೆ ಬಣ್ಣದ ಹನಿಹನಿ ಮುದ್ದೆ ಕಂಡರೆ ಅದೇ. ಹತ್ತು ದಿನದವರೆಗೂ ಕಾಯಿರಿ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಅದನ್ನು ಬಳಸಬೇಡಿ. ಅದರಲ್ಲಿ ಗ್ಲಿಸರಿನ್, ಜೆಲ್ ಇರುತ್ತವೆ. ಶುದ್ಧ ಎಥನಾಲನ್ನು ಅಳೆದು ಬೆರೆಸಿ. ಈ ಪರೀಕ್ಷೆ ಫೈಟೋಫ್ತೊರಾವನ್ನು ತೋರಿಸುವುದಿಲ್ಲ, ಅದು ನೆನಪಿರಲಿ.

ಎಷ್ಟು ಎಲೆ ತೆಗೆಯಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. ನೂರಕ್ಕೆ ಎರಡು ಸಸಿಗೆ ಸೋಂಕು ಇದೆ ಅಂದುಕೊಳ್ಳಿ. ಹತ್ತು ಎಲೆ ನೋಡಿದರೆ ಒಂದಾದರೂ ಸೋಂಕಿನ ಎಲೆ ಸಿಗುವ ಸಾಧ್ಯತೆ ಶೇ. 18 ಮಾತ್ರ. ಅರವತ್ತು ನೋಡಿದರೆ ಶೇ. 70. ನೂರೈವತ್ತು ನೋಡಿದಾಗ ಶೇ. 95. ಎಕರೆಗೆ ಸುಮಾರು 22,000 ಸಸಿ ಕೊಳ್ಳುವವರು ಹತ್ತು ಎಲೆ ನೋಡಿ ಸಮಾಧಾನಪಟ್ಟರೆ ಅದು ಪರೀಕ್ಷೆಯಲ್ಲ. ನೂರೈವತ್ತನ್ನೂ ಒಂದೇ ಮೂಲೆಯಿಂದ ಕಿತ್ತರೂ ಪ್ರಯೋಜನವಿಲ್ಲ, ನರ್ಸರಿಯ ಎಲ್ಲ ಸಾಲಿನಿಂದ ಬರಬೇಕು. ಎಲೆ ಹೋದರೆ ಸಸಿ ಸಾಯುವುದಿಲ್ಲವಾದ್ದರಿಂದ ನರ್ಸರಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಸಸಿ ಎತ್ತುವ ಎರಡು ವಾರ ಮೊದಲೇ ಹೋಗಿ.

ಸಸಿ ಬಂದ ದಿನ. ಸೋಂಕು ತೀರಾ ಕಡಿಮೆ ಇದೆ, ಅಥವಾ ಗೊತ್ತಿಲ್ಲ ಅನ್ನುವಾಗ ಅದ್ದುವ ಉಪಚಾರ ಮಾಡುತ್ತಾರೆ. ಇದನ್ನು ಸರಿಯಾಗಿ ಮಾಡಿದರೆ ರಕ್ಷೆ. ತಪ್ಪಾಗಿ ಮಾಡಿದರೆ ಒಂದು ಸಸಿಯ ರೋಗವನ್ನು ಟಬ್ಬಿನ ನೀರಿನಲ್ಲಿ ಸಾವಿರಕ್ಕೆ ಹಂಚಿದ ಹಾಗೆ. ಬರಿಯ ನೀರಿನಲ್ಲಿ, ಅಥವಾ ಬರಿಯ ಬೇರಿನ ಹಾರ್ಮೋನಿನಲ್ಲಿ ಎಲ್ಲ ಸಸಿಗಳನ್ನು ಒಂದೇ ಟಬ್ಬಿನಲ್ಲಿ ಅದ್ದುವ ಪದ್ಧತಿಯನ್ನು ಇವತ್ತಿಗೇ ಬಿಡಿ.

ಬೇರಿನ ಮಣ್ಣನ್ನು ಮೊದಲು ಹರಿಯುವ ನೀರಿನಲ್ಲಿ ತೊಳೆಯಬೇಕು. ಮಣ್ಣು ಮದ್ದನ್ನು ಹೀರಿ ದ್ರಾವಣ ತೆಳುವಾಗುತ್ತದೆ. ಅಮೆರಿಕದ ಲೇಬಲ್ಲಿನ ಲೆಕ್ಕವನ್ನು ನಮ್ಮ ಅಳತೆಗೆ ತಂದರೆ, ಕೊಲೆಟೋಟ್ರೈಕಮ್‌ಗೆ ಅಜೋಕ್ಸಿಸ್ಟ್ರೋಬಿನ್ ಶೇ. 23 ಎಸ್‌ಸಿ (ದ್ರವ ರೂಪದ್ದು) ಲೀಟರಿಗೆ ಸುಮಾರು 0.4ರಿಂದ 0.6 ಮಿಲಿ, ಅಂದರೆ 20 ಲೀಟರಿನ ಟಬ್ಬಿಗೆ 8ರಿಂದ 12 ಮಿಲಿ. ಇಡೀ ಸಸಿ, ಕ್ರೌನ್ ಸಮೇತ ಮುಳುಗಬೇಕು, 2ರಿಂದ 5 ನಿಮಿಷ. ಬೇರಷ್ಟೇ ಮುಳುಗಿಸಿ ಎತ್ತುವವರಿದ್ದಾರೆ. ರೋಗ ಇರುವುದು ತೊಟ್ಟಿನಲ್ಲಿ. ತೆಗೆದು ಸೋರಿಸಿ ಅಂದೇ ನೆಡಿ, ಇಟ್ಟಷ್ಟೂ ಸಸಿ ಕುಂಟುತ್ತದೆ. ದ್ರಾವಣ ಕೆಸರಾದ ಕೂಡಲೇ ಬದಲಿಸಿ. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ, ಅಜೋಕ್ಸಿಸ್ಟ್ರೋಬಿನ್ ಮೀನಿಗೆ ವಿಷ.

ಫೈಟೋಫ್ತೊರಾಕ್ಕಾದರೆ ಫೊಸೆಟೈಲ್ ಅಲ್ಯೂಮಿನಿಯಂ ಶೇ. 80, ಲೀಟರಿಗೆ 3 ಗ್ರಾಂ, 15ರಿಂದ 30 ನಿಮಿಷ, 24 ತಾಸಿನೊಳಗೆ ನಾಟಿ. ಇದರ ದ್ರಾವಣ ಹುಳಿ. ತಾಮ್ರದ ಮದ್ದಿನ ಜೊತೆ ಅಥವಾ ಅದರ ಬೆನ್ನಿಗೇ ಕೊಟ್ಟರೆ ತಾಮ್ರ ಕರಗಿ ಎಲೆ ಸುಡುತ್ತದೆ.

ಆಗ ಹೇಳಿದ ದುಡ್ಡಿನ ವಿಷಯ ಇಲ್ಲಿದೆ. ಅಂಗಡಿಗೆ ಹೋಗಿ "ಬುಡ ಕೊಳೀತಿದೆ" ಅಂದರೆ ಒಬ್ಬರು ಕಾರ್ಬೆಂಡಾಜಿಮ್ ಕೊಡುತ್ತಾರೆ, ಇನ್ನೊಬ್ಬರು ಮೆಟಲಾಕ್ಸಿಲ್ ಕೊಡುತ್ತಾರೆ. ಕಾರ್ಬೆಂಡಾಜಿಮ್ ಶಿಲೀಂಧ್ರದ ಮದ್ದು; ಶಿಲೀಂಧ್ರವೇ ಅಲ್ಲದ ಫೈಟೋಫ್ತೊರಾ ಅದಕ್ಕೆ ಜಗ್ಗುವುದೇ ಇಲ್ಲ. ಕೊಲೆಟೋಟ್ರೈಕಮ್‌ನಲ್ಲೂ ಅಕ್ಯುಟೇಟಮ್ ಅನ್ನುವ ಗುಂಪು ಅದಕ್ಕೆ ಹುಟ್ಟಿನಿಂದಲೇ ಅಷ್ಟಾಗಿ ಬಗ್ಗುವುದಿಲ್ಲ. ಮೆಟಲಾಕ್ಸಿಲ್ ಫೈಟೋಫ್ತೊರಾಕ್ಕೆ ಒಳ್ಳೆಯ ಮದ್ದು, ಕೊಲೆಟೋಟ್ರೈಕಮ್‌ಗೆ ನೀರು ಕುಡಿಸಿದಷ್ಟೇ. ಚಾಕು ಹಾಕಿ ನೋಡದೆ ಮದ್ದು ತಂದರೆ ಲಾಟರಿ ಆಡಿದ ಹಾಗೆ. ಅಜೋಕ್ಸಿಸ್ಟ್ರೋಬಿನ್ ಅನ್ನೂ ಒಂದೇ ಹಂಗಾಮಿನಲ್ಲಿ ಮತ್ತೆ ಮತ್ತೆ ಬಳಸಬೇಡಿ. ಫ್ಲಾರಿಡಾದಲ್ಲಿ ಅದಕ್ಕೆ ಮಣಿಯದ ಕೊಲೆಟೋಟ್ರೈಕಮ್ ಆಗಲೇ ಹುಟ್ಟಿಕೊಂಡಿದೆ. ಅದ್ದಲು ಅದನ್ನು ಬಳಸಿದರೆ, ಮುಂದಿನ ಸಿಂಪಡಣೆಗೆ ಕ್ಯಾಪ್ಟಾನ್‌ನಂಥ ಬೇರೆ ಗುಂಪಿನದು ಇರಲಿ.

ಒಂದು ಕಾನೂನಿನ ಮಾತು. ನಮ್ಮಲ್ಲಿ ಮದ್ದಿನ ಲೇಬಲ್ ಬೆಳೆವಾರು ಒಪ್ಪಿಗೆ ಪಡೆದದ್ದು, 1968ರ ಕೀಟನಾಶಕ ಕಾಯ್ದೆಯ ಕೆಳಗೆ. ನಾನು ಹೇಳಿದ ಪ್ರಮಾಣ ಅಮೆರಿಕದ್ದು. ನೀವು ಕೊಳ್ಳುವ ಡಬ್ಬಿಯ ಮೇಲೆ ಸ್ಟ್ರಾಬೆರಿ ಇದೆಯೇ ಓದಿ, ಇಲ್ಲದಿದ್ದರೆ ತಾಲೂಕು ಕೃಷಿ ಅಧಿಕಾರಿಯನ್ನು ಕೇಳದೆ ಬಳಸಬೇಡಿ.

ಮದ್ದಿಲ್ಲದ ದಾರಿಯೂ ಇದೆ, ಉಗಿ. ಫ್ಲಾರಿಡಾ ವಿಶ್ವವಿದ್ಯಾಲಯದ ಕ್ರಮದಲ್ಲಿ ಸಸಿಗಳನ್ನು ಗಾಳಿ ಬೆರೆಸಿದ ಉಗಿಯಲ್ಲಿ ಮೊದಲು 37 ಡಿಗ್ರಿಗೆ ಒಂದು ತಾಸು ಇಟ್ಟು, ಒಂದು ತಾಸು ತಣಿಯಲು ಬಿಟ್ಟು, ಆಮೇಲೆ 44 ಡಿಗ್ರಿಗೆ 4 ತಾಸು ಇಡುತ್ತಾರೆ. ಮೊದಲಿನ ಆ 37 ಡಿಗ್ರಿ ಗಿಡಕ್ಕೆ ಮುನ್ಸೂಚನೆ ಕೊಟ್ಟ ಹಾಗೆ. ಗಿಡ ತಾಪ ತಡೆಯುವ ಪ್ರೋಟೀನು ಮಾಡಿಕೊಳ್ಳುತ್ತದೆ, ಶಿಲೀಂಧ್ರ ಸೋಲುತ್ತದೆ. ಕೇಳಲು ಚೆಂದ. ಆದರೆ ಮನೆಯ ಬಾಯ್ಲರಿನಲ್ಲಿ ಬಿಸಿನೀರು ಕಾಸಿ ಪ್ರಯತ್ನಿಸುವ ಕೆಲಸವಲ್ಲ. ಎರಡು ಮೂರು ಡಿಗ್ರಿ ಮೇಲೆ ಹೋದರೆ ಸಸಿಯೇ ಬೇಯುತ್ತದೆ. ನಾಲ್ಕಾರು ನರ್ಸರಿಯವರು ಸೇರಿ ಸರಿಯಾದ ಕೋಣೆ ಕಟ್ಟಿಸಿಕೊಂಡರೆ ಮಾತ್ರ ಅರ್ಥವಿದೆ.

ನಾಟಿಯಲ್ಲಿ ಆಳ ಮುಖ್ಯ. ಕ್ರೌನಿನ ನಡುಭಾಗ ಮಣ್ಣಿನ ಮಟ್ಟಕ್ಕೆ ಬರಬೇಕು. ಸುಳಿ ಮಣ್ಣಲ್ಲಿ ಹೂತರೆ ಕೊಳೆಯುತ್ತದೆ, ಬೇರಿನ ತಲೆ ಹೊರಗೆ ಕಂಡರೆ ಒಣಗುತ್ತದೆ. ಬೆಡ್ ಒಂದು ಅಡಿಗೆ ಕಡಿಮೆ ಎತ್ತರ ಬೇಡ, ಸಾಲಿನ ಕೊನೆಯಲ್ಲಿ ನೀರು ಹೊರಹೋಗುವ ಕಾಲುವೆ ಬಿಡಿಸಿ. ಇಲ್ಲಿನ ಅಕ್ಟೋಬರಿನಲ್ಲಿ ಮರಳಿ ಬರುವ ಮಳೆ ಒಂದೇ ಸಂಜೆಯಲ್ಲಿ ಸಾಲು ತುಂಬಿಸುತ್ತದೆ. ಮಲ್ಚಿಂಗ್ ಪೇಪರಿನ ತೂತಿನ ಸುತ್ತ ನೀರು ನಿಲ್ಲುವ ಗುಳಿ ಇರಬಾರದು. ಸಸಿ ಹಿಡಿಯಲಿ ಎಂದು ಸ್ಪ್ರಿಂಕ್ಲರ್ ಇಡೀ ಹಗಲು ಓಡಿಸುತ್ತಾರೆ, ಬೀಜಕ ಹರಡುವುದು ಆಗಲೇ. ಬೇರು ತೊಳೆದ ಸಸಿಗೆ ಒಂದು ವಾರ, ಬಿಸಿಲೇರಿದ ಹೊತ್ತಿನಲ್ಲಿ ಕೆಲವು ನಿಮಿಷದ ಸರದಿಗಳಲ್ಲಿ ಸಾಕು. ಟ್ರೇ ಸಸಿಗೆ ಎರಡು ಮೂರು ದಿನ. ಸಂಜೆ ಬಿಡಬೇಡಿ, ಎಲೆ ರಾತ್ರಿಯಿಡೀ ಒದ್ದೆಯಿರುತ್ತದೆ.

ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಬಗ್ಗೆ ಎಲ್ಲರೂ ಕೇಳುತ್ತೀರಿ. ಒಂದು ಕಿಲೋವನ್ನು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಎರಡು ವಾರ ಇಟ್ಟು ಬೆಡ್ಡಿಗೆ ಸೇರಿಸಿ. ಬೇರಿನ ಸುತ್ತಲ ಮಣ್ಣಿನ ರೋಗಕ್ಕೆ ಇದು ಸಹಾಯ. ಆದರೆ ತೊಟ್ಟಿನಲ್ಲಿ ಅಂಟಿ ಕೂತು ಬಂದ ಕೊಲೆಟೋಟ್ರೈಕಮ್‌ಗೆ ಮಣ್ಣಲ್ಲಿರುವ ಟ್ರೈಕೋಡರ್ಮಾ ಏನೂ ಮಾಡಲಾರದು. ಕಾರ್ಬೆಂಡಾಜಿಮ್ ಸುರಿದ ಮಾರನೇ ದಿನ ಟ್ರೈಕೋಡರ್ಮಾ ಸುರಿಯುವುದಂತೂ ಎರಡೂ ಡಬ್ಬಿಯ ದುಡ್ಡು ನೀರಿಗೆ.

ಪ್ರಶ್ನೆಗಳು

"ಅಲ್ರೀ ಸರ, ಬಾಡಿದ ಗಿಡದ ಬುಡಕ್ಕ ಔಷಧ ಹಾಕಿದ್ರ ಉಳೀತದೇನ್ರಿ?"

ಇಲ್ಲರೀ. ಕ್ರೌನ್ ಒಳಗ ಬಣ್ಣ ತಿರುಗಿದ ಮ್ಯಾಲೆ ಯಾವ ಔಷಧಕ್ಕೂ ಅದು ತಿರುಗಿ ಬರೂದಿಲ್ಲ. ಗಿಡವನ್ನು ಬೇರುಸಮೇತ ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ, ಕೈಯಲ್ಲಿ ಹಿಡಿದು ಸಾಲಿನುದ್ದಕ್ಕೂ ತೂಗಾಡಿಸಿಕೊಂಡು ಹೋಗಬೇಡಿ. ಬದುವಿನ ಮೇಲೆ ಗುಡ್ಡೆ ಹಾಕಬೇಡಿ. ಮದ್ದು ಕೊಡುವುದು ಅಕ್ಕಪಕ್ಕದ, ಇನ್ನೂ ಬಾಡದ ಗಿಡಗಳಿಗೆ. ಖಾಲಿಯಾದ ತೂತಿಗೆ ಅದೇ ಸಸಿಯ ರಾಶಿಯಿಂದ ಉಳಿದದ್ದನ್ನು ನೆಡುವುದು ಅಭ್ಯಾಸ. ಅದೇ ರೋಗವನ್ನು ಎರಡನೇ ಸಲ ನೆಟ್ಟ ಹಾಗೆ ಆಗುತ್ತದೆ.

"ಈ ವರ್ಷದ ತೋಟದಿಂದಲೇ ರನ್ನರ್ ತೆಗೆದು ಮುಂದಿನ ವರ್ಷಕ್ಕೆ ಸಸಿ ಮಾಡಿಕೊಳ್ಳಬಹುದೇ ಸರ್? ತಾಯಿ ಗಿಡ ತುಂಬಾ ದುಬಾರಿ."

ಹಣ್ಣಿನ ತೋಟದ ಗಿಡ ಇಡೀ ಹಂಗಾಮು ಎಲ್ಲ ರೋಗಕ್ಕೂ ಮೈಯೊಡ್ಡಿರುತ್ತದೆ. ಅದರ ರನ್ನರ್ ಬೇಡ. ತಾಯಿ ಗಿಡಗಳನ್ನೇ ಕಡಿಮೆ ತಂದು, ಹಣ್ಣಿನ ತೋಟದಿಂದ ದೂರದಲ್ಲಿ, ಬೇರೆ ಕತ್ತರಿ, ಬೇರೆ ಕ್ರೇಟ್ ಇಟ್ಟುಕೊಂಡು ಬೆಳೆಸುವುದು ಅಗ್ಗ.

"ಜಮೀನು ವಾಯಿ ಹತ್ತಿರ ಇದೆ. ಕಳೆದ ಸಲ ರೋಗ ಬಂದ ಬೆಡ್ಡಿನಲ್ಲೇ ಮತ್ತೆ ಹಾಕಬೇಕು, ಬೇರೆ ಜಾಗವಿಲ್ಲ."

ಹಾಗಾದರೆ ಏಪ್ರಿಲ್ ಮೇ ಬಿಸಿಲನ್ನು ಬಳಸಿಕೊಳ್ಳಿ ಮೇಡಂ. ಹಳೆಯ ಕ್ರೌನ್ ಒಂದೂ ಬಿಡದೆ ಆರಿಸಿ, ಮಣ್ಣು ಪುಡಿಮಾಡಿ, ಚೆನ್ನಾಗಿ ನೀರುಣಿಸಿ, 25ರಿಂದ 50 ಮೈಕ್ರಾನಿನ ಪಾರದರ್ಶಕ ಪಾಲಿಥೀನನ್ನು ಮಣ್ಣಿಗೆ ತಾಗುವಂತೆ ಹಾಸಿ, ಅಂಚನ್ನು ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಹಾಕಿದರೆ ಶಾಖ ಹಾಳೆಯಲ್ಲೇ ಉಳಿಯುತ್ತದೆ. ಒಣ ಮಣ್ಣಿಗೆ ಹಾಸಿದರೂ ಕೆಲಸವಿಲ್ಲ, ಶಾಖ ಕೆಳಗಿಳಿಸುವುದು ತೇವ. ಫೈಟೋಫ್ತೊರಾಕ್ಕೆ ಇದು ಒಳ್ಳೆಯ ಹೊಡೆತ, ಮ್ಯಾಕ್ರೋಫೋಮಿನಾಕ್ಕೆ ನಂಬಿ ಕೂರುವಷ್ಟಿಲ್ಲ. ನಿಮ್ಮದು ಯಾವುದು ಅಂತ ಮೊದಲು ಗೊತ್ತಾಗಬೇಕು.

"ಅದನ್ನು ಪುಣೆಯಲ್ಲಿ ಎಲ್ಲಿ ತೋರಿಸುವುದು?"

ಶಿವಾಜಿನಗರದ ಕೃಷಿ ಕಾಲೇಜಿನ ಸಸ್ಯರೋಗ ವಿಭಾಗದಲ್ಲಿ ವಿಚಾರಿಸಿ. ಆಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವೇ ಇದೆ, ಗುರುತಿಸಿ ಕೊಡುವ ಸೇವೆಯೂ ಇದೆ. ಶುಲ್ಕ, ಕ್ರಮ ಮೊದಲು ಕೇಳಿಕೊಳ್ಳಿ. ಒಯ್ಯಬೇಕಾದದ್ದು ಪೂರ್ತಿ ಸತ್ತ ಗಿಡವನ್ನಲ್ಲ, ಈಗಷ್ಟೇ ಬಾಡಲು ಶುರುವಾದ ನಾಲ್ಕೈದು ಗಿಡಗಳನ್ನು, ಬೇರು ಮಣ್ಣು ಸಮೇತ. ಬೇರನ್ನು ಒಂದು ಚೀಲದಲ್ಲಿ ಕಟ್ಟಿ, ಗಿಡವನ್ನು ಒಣ ಕಾಗದದಲ್ಲಿ ಸುತ್ತಿ. ಯಾವ ಮದ್ದು ಯಾವತ್ತು ಕೊಟ್ಟಿರಿ ಅಂತ ಚೀಟಿ ಬರೆದಿಡಿ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ತುಂಬಿ ಶನಿವಾರ ಕೊರಿಯರ್ ಮಾಡಬೇಡಿ. ಭಾನುವಾರವೆಲ್ಲ ಚೀಲದಲ್ಲಿ ಬೆಂದು, ಸೋಮವಾರ ಪ್ರಯೋಗಾಲಯದವರು ಬಿಚ್ಚಿದಾಗ ಸಿಗುವುದು ಗಿಡ ಸತ್ತಮೇಲೆ ಹುಟ್ಟಿದ ಬೂಷ್ಟು ಮಾತ್ರ.